ಮೇ ಒಂಬತ್ತು

ವಿಯೆನೊ ಅಂಕಿ ಹೇಳುತ್ತಾಳೆ, ನಾನು ಚುಕ್ಕಿ ಇಡುತ್ತೇನೆ.
ಪುರಸಭೆಯ ಹಿಂದಿನ ಕೋಣೆ, ಇಬ್ಬರಿಗೂ ಒಂದೇ ಮೇಜು.
ಅವಳ ಕಡೆ ಹಿಡಿ ತಿರುಗಿಸುವ ಲೆಕ್ಕದ ಯಂತ್ರ,
ನನ್ನ ಕಡೆ ಮಸಿ, ನಿಬ್ಬು, ಸಣ್ಣ ಚೌಕದ ಹಾಳೆ.
ನಡುವೆ ಕಾಫಿ ಫ್ಲಾಸ್ಕು: ಅದು ಯಾರ ಕಡೆಗೂ ಸೇರಿದ್ದಲ್ಲ.

ಹಾಪಾಲಹ್ತಿಯ ಸರೋವರ ಪ್ರತಿ ವಸಂತದಲ್ಲಿ
ಯಾವ ದಿನ ಬಿರಿಯಿತು, ಮಂಜುಗಡ್ಡೆ ಯಾವತ್ತು ಹೋಯಿತು
ಎಂದು ಚರ್ಚಿನ ಗುಮಾಸ್ತರು, ದೋಣಿಯವರು,
ಒಬ್ಬ ಶಾಲಾ ಮೇಷ್ಟ್ರು ಬರೆದಿಟ್ಟ ಕಡತ.
ನೂರಾ ಹನ್ನೊಂದು ವರ್ಷ.
ಒಬ್ಬನ ಅಕ್ಷರ ಇರುವೆ ಸಾಲು,
ಇನ್ನೊಬ್ಬನದು ಕುಡಿದು ಮನೆಗೆ ನಡೆದ ಹೆಜ್ಜೆ.
ವಿಯೆನೊಗೆ ಅಕ್ಷರ ಬೇಡ. ತಾರೀಕು ಸಾಕು.

ಮೂರು ದಿನ ಹಿಡಿ ತಿರುಗಿಸಿ ಹೇಳಿದಳು:
“ಸರಾಸರಿ, ಮೇ ಒಂಬತ್ತು.”
ಎಷ್ಟು ಚೊಕ್ಕ! ನೂರು ಚಳಿಗಾಲವನ್ನು ಬಸಿದು
ಒಂದು ಲೋಟಕ್ಕೆ ಇಳಿಸಿದ ಹಾಗೆ.
ದಡದ ಫಲಕಕ್ಕೆ ಅಷ್ಟು ಸಾಕು, ದೋಣಿ ಕಂಪನಿಗೂ ಸಾಕು.

ನಾನು ಚುಕ್ಕಿ ಇಡುತ್ತ ಹೋದೆ.
ಏಪ್ರಿಲ್ ಕೊನೆಗೆ ಒಂದು ಗುಂಪು,
ಮೇ ಇಪ್ಪತ್ತರ ಆಸುಪಾಸು ಇನ್ನೊಂದು,
ಮಾತು ಬಿಟ್ಟ ಎರಡು ಕುಟುಂಬ ಚರ್ಚಿನಲ್ಲಿ
ಆಚೆ ಈಚೆ ಬೆಂಚಿಗೆ ಕೂತ ಹಾಗೆ. ನಡುವೆ ಖಾಲಿ ಓಣಿ.
ಓಣಿಯ ನಟ್ಟನಡುವೆ ಮೇ ಒಂಬತ್ತು.
ಅಲ್ಲಿ ಒಂದು ಚುಕ್ಕಿಯೂ ಇಲ್ಲ.

“ಆ ದಿನ ಒಮ್ಮೆಯೂ ಬಿರಿದಿಲ್ಲ, ವಿಯೆನೊ.”

ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದಳು.
ಎಷ್ಟೋ ಹೊತ್ತಿಗೆ, “ತೆಂಕಣ ಗಾಳಿ,” ಅಂದಳು.
ಅದು ಬಂದ ವರ್ಷ ಬೇಗ, ಬಾರದ ವರ್ಷ ತಡ.
ಬಲೆಯ ಹರಕು ಕಟ್ಟುತ್ತ ಅಜ್ಜ ಹೇಳುತ್ತಿದ್ದನಂತೆ.
ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಗೆದ್ದೆ ಅಂತ ಬೀಗಿದೆ. ಒಂದು ಕಾಫಿ ಆರುವಷ್ಟು ಹೊತ್ತು.
“ಇಲ್ಲಿ ನೋಡು, ಈಚೆಗೆ ಸಾಲು ಇಳಿಯುತ್ತಿದೆ,
ವರ್ಷವರ್ಷಕ್ಕೂ ಬೇಗ ಬಿರಿಯುತ್ತಿದೆ,”
ಅಂಗೈ ಓರೆ ಹಿಡಿದು ಇಳಿಜಾರು ತೋರಿಸಿದೆ.
ಅವಳು ಹಿಡಿ ತಿರುಗಿಸಿದಳು. ಗರಗರ, ಗರಗರ, ಟಿಂಗ್.
“ಇಲ್ಲ ತೌನೊ. ಕೊನೆಯ ಮೂರು ಚುಕ್ಕಿ ಕಣ್ಣು ಹೊಡೆದವು,
ನೀನು ಹಿಂದೆ ಹೋದೆ.
ಕಣ್ಣಿಗೆ ಆಸೆ ಜಾಸ್ತಿ. ಮೋಡ ಕಂಡರೂ ಕರಡಿ ಅನ್ನುತ್ತದೆ.”

ಹೀಗೆ ನಾವು: ಅವಳು ಕಾಣದೆ ಎಣಿಸುವವಳು,
ಎಣಿಸದೆ ಕಾಣುವವನು ನಾನು.
ಒಬ್ಬರ ಕಿವಿ ಒಬ್ಬರು ಹಿಂಡುತ್ತ ಸಂಜೆ.

ಕಡೆಗೆ ಚುಕ್ಕಿಗಳನ್ನು ಗೆರೆಯಿಂದ ಜೋಡಿಸುವ ಕೆಲಸ.
ಸಾವಿರದ ಒಂಬೈನೂರ ಹದಿನೇಳಕ್ಕೆ ಬಂದೆ. ನಿಂತೆ.
ಹದಿನೆಂಟರ ಸಾಲಿನಲ್ಲಿ ತಾರೀಕಿಲ್ಲ.
ಬರೆಯುವವನೂ ಇರಲಿಲ್ಲವೇನೋ, ಆ ವಸಂತ
ಅಣ್ಣತಮ್ಮಂದಿರೇ ಕೋವಿ ಹಿಡಿದು
ಕೆಂಪು ಬಿಳಿ ಆಗಿದ್ದ ವಸಂತ.
“ನೇರ ಎಳೆದುಬಿಡಲೆ? ಒಂದೇ ಚೌಕ.”

“ಅಂದಾಜು ಕೊಡಬಲ್ಲೆ,” ಅಂದಳು.
ಕೊಟ್ಟಳು ಕೂಡ, ಚೀಟಿಯಲ್ಲಿ, ದಶಮಾಂಶದವರೆಗೆ.
ನಾನು ಓದುವ ಮೊದಲೇ ಚೀಟಿ ಎಳೆದುಕೊಂಡು ಮಡಚಿದಳು.

“ನನಗೆ ಆಗ ಹತ್ತು.
ಮಂಜುಗಡ್ಡೆ ಒಡೆದದ್ದು ಕೇಳಿದ್ದೇನೆ, ರಾತ್ರಿ.
ಗುಂಡು ಅಂದುಕೊಂಡು ಎಲ್ಲರೂ ಮಂಚದಡಿ ಸೇರಿದೆವು.
ಬೆಳಗ್ಗೆ ಅಮ್ಮ ಬಾಗಿಲು ತೆರೆದರೆ ಬರೀ ನೀರು.
ತಾರೀಕು ಯಾರಿಗೂ ಗೊತ್ತಿರಲಿಲ್ಲ.
ಅಜ್ಜ ಇದ್ದಿದ್ದರೆ ಹೇಳುತ್ತಿದ್ದ.”

ಯಂತ್ರಕ್ಕೆ ಮುಸುಕು ಹಾಕಿದಳು.

ನಾನು ಹದಿನೇಳರ ಚುಕ್ಕಿಯವರೆಗೆ ಎಳೆದು
ನಿಬ್ಬು ಎತ್ತಿದೆ. ಒಂದು ಚೌಕದ ಅಗಲ,
ಅಷ್ಟು ದೂರ ಕೈ ಗಾಳಿಯಲ್ಲಿ.
ಹತ್ತೊಂಬತ್ತರಲ್ಲಿ ಮತ್ತೆ ಇಳಿಸಿದೆ.

ಈಗ ಆ ಹಾಳೆ ಗ್ರಂಥಾಲಯದ ಗೋಡೆ ಮೇಲಿದೆ.
ಮಕ್ಕಳು ಅಲ್ಲಿ ಬೆರಳಿಟ್ಟು ಕೇಳುತ್ತಾರಂತೆ, ಮಸಿ ಮುಗಿದಿತ್ತೇ?
ಕೆಳಗೆ ವಿಯೆನೊ ತನ್ನ ಕೈಯಾರೆ ಬರೆದಿದ್ದಾಳೆ:
ಸರಾಸರಿ, ಮೇ ಒಂಬತ್ತು.
ಆಮೇಲೆ ಯಾವಾಗಲೋ, ಬೇರೆ ಪೆನ್ನಿನಲ್ಲಿ:
ಮೇಲೆ ನೋಡಿ.